ಬಲೂನನ್ನ ಎತ್ತೋದು ಯಾರು?

ಹೋದ ರಜೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ನಾಲ್ಕನೆಯವನ ಊರು ಮನಗೂಳಿಗೆ ಹೋಗಿದ್ವಿ. ವಿಜಯಪುರದಿಂದ ಸುಮಾರು 20 ಕಿಲೋಮೀಟರ್. ಅವನ ಅಕ್ಕನ ಮಗಳಿಗೆ ಅವತ್ತು ನಾಲ್ಕು ವರ್ಷ ತುಂಬಿತ್ತು. ಬರಿಗೈಲಿ ಹೋಗೋದು ಹೇಗೆ ಅಂತ ದಾರಿಯಲ್ಲಿ ಗ್ಯಾಸ್ ತುಂಬಿದ ಎಂಟು ಬಲೂನ್ ತಗೊಂಡ್ವಿ. ಒಳಗಿರೋದು ಹೀಲಿಯಂ ಅಂತ ನಾವೇ ಅಂದ್ಕೊಂಡ್ವಿ. ಮಾರುವವನು ಹಾಗೆ ಹೇಳಿರಲಿಲ್ಲ, ನಾವೂ ಕೇಳಲಿಲ್ಲ.

ಸಂಜೆ ಕೇಕಿನ ಮೇಣದಬತ್ತಿಗೆ ಒಂದು ಬಲೂನ್ ತಾಗಿತು. ಭಗ್ ಅಂತ ಬೆಂಕಿ ಬಂದು, ಕಣ್ಣು ಮುಚ್ಚಿ ತೆಗೆಯೋದರೊಳಗೆ ಆರಿಹೋಯಿತು. ಮಗು ಅಮ್ಮನ ಸೊಂಟದ ಮೇಲಿತ್ತು, ಎರಡು ಹೆಜ್ಜೆ ಆಚೆ. ನಮ್ಮಲ್ಲಿ ಒಬ್ಬನ ಅರ್ಧ ಹುಬ್ಬು ಹೋಯಿತು, ಅಷ್ಟೇ. ಆ ಎರಡು ಹೆಜ್ಜೆಯನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗತ್ತೆ. ಹೀಲಿಯಂ ಉರಿಯೋದಿಲ್ಲ. ಅಂದ್ರೆ ನಾವು ಮಗುವಿನ ಕೈಗೆ ಕೊಡೋಕೆ ತಂದಿದ್ದು ಹೈಡ್ರೋಜನ್.

ಉಳಿದ ಏಳನ್ನ ಅಂಗಳದ ಬೇವಿನ ಮರಕ್ಕೆ ಕಟ್ಟಿ ಬಂದ್ವಿ. ಗೆಳೆಯನ ಆಯಿ (ಅವರ ಮನೇಲಿ ಅಜ್ಜಿಗೆ ಹಾಗೇ ಅನ್ನೋದು) ಅವನ್ನೇ ನೋಡ್ತಾ ಕಟ್ಟೆ ಮೇಲೆ ಕೂತಿದ್ರು. ಬೈತಾರೆ ಅಂತ ನಾವು ಕಾಯ್ತಿದ್ರೆ, ಅವರು ಕೇಳಿದ್ದೇ ಬೇರೆ.

"ತಮ್ಮಾ, ಅಡಿಗಿ ಗ್ಯಾಸ್ ತುಂಬಿದ್ರ ಹಿಂಗ ಮ್ಯಾಲ ಹೋಗತೈತೇನು?"

"ಇಲ್ಲ ಆಯಿ, ಅದು ಗಾಳಿಗಿಂತ ಭಾರ. ಲೀಕ್ ಆದ್ರೆ ನೆಲದ ಮೇಲೇ ಹರಡತ್ತೆ."

"ಮತ್ತ ಇದನ್ನ ಯಾರ ಎತ್ತತಾರ?"

ನಮ್ಮಲ್ಲೊಬ್ಬ "ಬಾಯನ್ಸಿ" ಅಂದ. ಆಯಿ ಸುಮ್ನೆ ನೋಡಿದ್ರು. ಇನ್ನೊಬ್ಬ, "ಹಗುರ ಇರತ್ತಲ್ಲ ಆಯಿ, ಅದಕ್ಕೆ" ಅಂದ.

"ಅರಳಿನೂ ಹಗೂರ ಐತಿ. ಅದ್ಯಾಕ ಗಿಡದ ಮ್ಯಾಲ ಹೋಗಿ ಕುಂಡ್ರೂದಿಲ್ಲ?"

ಅರಳಿ ಅಂದ್ರೆ ಹತ್ತಿ ಅಂತ ನಮಗೆ ಗೆಳೆಯ ಹೇಳಬೇಕಾಯ್ತು. ಪಿಯುಸಿ, ಸಿಇಟಿ ಎಲ್ಲ ಮುಗಿಸಿದವರು, ಈ ಸೆಮಿಸ್ಟರ್‌ನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಬೇರೆ ಓದ್ತಿರೋರು, ಮೂವರೂ ಗಪ್‌ಚಿಪ್. ಕನ್ನಡದಲ್ಲಿ ಪದ ಸಿಗಲಿಲ್ಲ ಅಂತ ಆಮೇಲೆ ಸಮಾಧಾನ ಮಾಡ್ಕೊಂಡ್ವಿ. ಅದು ಸುಳ್ಳು. ನಮಗೆ ಗೊತ್ತಿದ್ದದ್ದು ಫಾರ್ಮುಲಾ. ಉತ್ತರ ಇಂಗ್ಲಿಷಿನಲ್ಲೂ ಗೊತ್ತಿರಲಿಲ್ಲ.

ಕೊನೆಗೆ ಗೆಳೆಯನೇ ಬಾಯಿಬಿಟ್ಟ. "ಆಯಿ, ಬಾವ್ಯಾಗಿಂದ ಕೊಡ ಜಗ್ಗುವಾಗ ಯಾವಾಗ ಭಾರ ಆಗತಿತ್ತು?"

"ನೀರ ಬಿಟ್ಟು ಮ್ಯಾಲ ಬಂದ ಕೂಡ್ಲೆ. ನೀರಾಗ ಇದ್ದಾಗ ಹಗೂರ."

"ನೀರಾಗ ಅದನ್ನ ಯಾರ ಎತ್ತಿ ಹಿಡಿದಿದ್ರು?"

"ನೀರ ಹಿಡಿದಿತ್ತು..." ಅಂದವರು ಬಲೂನಿನ ಕಡೆ ನೋಡಿ, "ಅಂದ್ರ ಇದನ್ನ ಗಾಳಿ ಹಿಡಿದೈತೇನು?" ಅಂದ್ರು.

ಅಲ್ಲಿಗೆ ಅವರಿಗೆ ಮುಗೀತು. ನಮಗೆ ಶುರುವಾಯ್ತು. ರಾತ್ರಿ ಮಾಳಿಗೆ ಮೇಲೆ ಮಲಗಿ ಮೊಬೈಲಿನಲ್ಲಿ ಲೆಕ್ಕ ಹಾಕಿದ್ವಿ. ಬಲೂನಿನ ಅಡ್ಡಳತೆ 28 ಸೆಂಟಿಮೀಟರ್ ಅಂತ ಹಿಡಿದ್ರೆ, ಒಳಗೆ ಸುಮಾರು 11.5 ಲೀಟರ್ ಜಾಗ. ಈ ಎತ್ತರದಲ್ಲಿ, ಈ ಸೆಕೆಯಲ್ಲಿ, ಅಷ್ಟು ಗಾಳಿಯ ತೂಕ ಸುಮಾರು 12.5 ಗ್ರಾಂ. ಗಾಳಿಯ ಒತ್ತಡ ಕೆಳಗೆ ಹೋದಷ್ಟೂ ಜಾಸ್ತಿ, ಹಾಗಾಗಿ ಬಲೂನಿನ ತಳವನ್ನ ಅದು ನೆತ್ತಿಗಿಂತ ಒಂಚೂರು ಹೆಚ್ಚು ತಳ್ಳತ್ತೆ. ಎಷ್ಟು ಹೆಚ್ಚು? ಸುಮಾರು 95,000 ಪ್ಯಾಸ್ಕಲ್‌ನಲ್ಲಿ ಬರೀ 3 ಪ್ಯಾಸ್ಕಲ್. ಇಷ್ಟರಿಂದಲೇ 12.5 ಗ್ರಾಂ ಎತ್ತುವ ಬಲ ಹುಟ್ಟತ್ತೆ. ಒಳಗೆ ಏನಿದೆ ಅಂತ ಗಾಳಿ ಕೇಳೋದೇ ಇಲ್ಲ. ಬಾಯಲ್ಲಿ ಊದಿದ ಬಲೂನನ್ನೂ ಅದು ಅಷ್ಟೇ ತಳ್ಳತ್ತೆ, ಆದ್ರೆ ಒಳಗಿನ ಉಸಿರೇ 12.5 ಗ್ರಾಂ, ಮೇಲೆ ರಬ್ಬರಿನದ್ದು 3 ಗ್ರಾಂ. ಅದಕ್ಕೇ ಬೀಳತ್ತೆ. ಹತ್ತಿ ಕೂಡ ತಾನು ಸರಿಸಿದ ಗಾಳಿಗಿಂತ ಭಾರವೇ. ಗಾಳಿಯೇ ಇಲ್ಲದ ಚಂದ್ರನ ಮೇಲೆ ಹೀಲಿಯಂ ಬಲೂನ್ ಕಲ್ಲಿನ ಹಾಗೆ ಬೀಳಬೇಕು.

ಇನ್ನು ನಮ್ಮ ಹುಬ್ಬಿನ ಲೆಕ್ಕ. ಅದೇ ಬಲೂನಿನಲ್ಲಿ ಹೀಲಿಯಂ ತುಂಬಿದ್ರೆ 1.7 ಗ್ರಾಂ, ಹೈಡ್ರೋಜನ್ ತುಂಬಿದ್ರೆ 0.9 ಗ್ರಾಂ. ಅರ್ಧ ತೂಕ ಅಂದ್ರೆ ಡಬಲ್ ಜೋರಾಗಿ ಏರತ್ತೆ ಅಂತ ನಾವು ನಂಬಿದ್ವಿ. ಎತ್ತೋದು ಗಾಳಿ ತಾನೇ, ಸಿಗೋ ಲಾಭ ಒಂದು ಗ್ರಾಂ ಕೂಡ ಇಲ್ಲ. ಹೈಡ್ರೋಜನ್ ತುಂಬೋದು ಅದು ಅಗ್ಗ ಅಂತ. ಮುಂದಿನ ಫೆಸ್ಟ್‌ಗೆ ಯಾರಾದ್ರೂ ಅಗ್ಗದ ಗ್ಯಾಸ್ ಬಲೂನ್ ತರಿಸೋದಿದ್ರೆ, ಮೊದಲು ಒಳಗಿರೋದು ಏನು ಅಂತ ಕೇಳಿ, ಪ್ಲೀಸ್.

ಬೆಳಿಗ್ಗೆ ಆಯಿಗೆ ಇನ್ನೊಂದು ಅನುಮಾನ: ಗಾಳಿಗೂ ತೂಕ ಇರತ್ತಾ? ಗೋಳಗುಮ್ಮಟದ ಗುಮ್ಮಟದೊಳಗಿನ ಅಡ್ಡಳತೆ ಸುಮಾರು 38 ಮೀಟರ್. ಅದು ಅರ್ಧ ಚೆಂಡು ಅಂತ ಹಿಡಿದ್ರೆ, ಗುಮ್ಮಟದೊಳಗಿನ ಗಾಳಿಯೇ 15 ಟನ್. "ಕ್ವಿಂಟಲ್ ಚೀಲದ ಲೆಕ್ಕದಾಗ ನೂರೈವತ್ತು ಚೀಲ ತೊಗರಿ, ಆಯಿ" ಅಂದ ಗೆಳೆಯ. ಆಯಿ ನಂಬಿದ್ರೋ ಇಲ್ವೋ, ನಮಗಂತೂ ಮೈ ಜುಮ್ ಅಂತು.

ಆ ರಾತ್ರಿ ಹುಡುಕ್ತಾ ಸಿಕ್ಕಿದ್ದು ಇನ್ನೊಂದಿದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಅದನ್ನ ನೋಡೋಕೆ ಜಾನ್ ಹರ್ಷೆಲ್ ಎಂಬ ಲೆಫ್ಟಿನೆಂಟ್ ಸ್ಪೆಕ್ಟ್ರೋಸ್ಕೋಪ್ ಹೊತ್ತು ಜಮಖಂಡಿಗೆ ಬಂದಿದ್ದ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗನ ಮಗ ಅಲ್ಲ, ಮೊಮ್ಮಗನೇ. ಕ್ಯಾಪ್ಟನ್ ಹೇಗ್ ವಿಜಯಪುರದಲ್ಲಿದ್ದ, ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ. ಸೂರ್ಯನ ಅಂಚಿನ ಜ್ವಾಲೆಯಲ್ಲಿ ಹರ್ಷೆಲ್‌ಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆ ಗೆರೆ ಸೋಡಿಯಂನದ್ದು ಅಂದುಕೊಂಡ. ಅದು ಹೀಲಿಯಂನದ್ದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಲಾಕಿಯರ್ ಆ ಗೆರೆ ಸೋಡಿಯಂ ಜಾಗದಲ್ಲಿಲ್ಲ ಅಂತ ಗಮನಿಸಿದ. ಆಮೇಲೆ ಗ್ರೀಕರ ಸೂರ್ಯನ ಹೆಸರೇ ಆ ಅನಿಲಕ್ಕೆ ಬಂತು. ಭೂಮಿಯ ಮೇಲೆ ಅದು ರ‍್ಯಾಮ್ಸೆ ಕೈಗೆ ಸಿಕ್ಕಿದ್ದು 1895ರಲ್ಲಿ. ಜಮಖಂಡಿ, ವಿಜಯಪುರ ದಾಟಿ ಗುಂಟೂರಿಗೆ ಹೋದ ಆ ನೆರಳು ಮನಗೂಳಿ ಮೇಲೂ ಹಾಯ್ದು ಹೋಗಿರಲೇಬೇಕು. ನಾವು ಹೀಲಿಯಂ ಅಂದುಕೊಂಡು ಹೈಡ್ರೋಜನ್ ತಂದ ಊರು ಇದು.

ನಾವು ಹೊರಡೋ ಹೊತ್ತಿಗೆ ಏಳು ಬಲೂನೂ ಬೇವಿನ ಬುಡಕ್ಕೆ ಬಂದು ಬಿದ್ದಿದ್ವು. ರಬ್ಬರಿನ ಮೂಲಕ ರಾತ್ರಿಯಿಡೀ ಗ್ಯಾಸ್ ಸೋರಿತ್ತು. ಮಗು ಅಳೋಕೆ ಶುರು ಮಾಡಿತು. ಆಯಿ ಅವಳನ್ನ ತೊಡೆ ಮೇಲೆ ಕೂರಿಸಿಕೊಂಡು, "ಬಾವ್ಯಾಗ ಒಂದ ಕೊಡ ಇತ್ತಂತ..." ಅಂತ ಶುರು ಮಾಡಿದ್ರು. ಪೂರ್ತಿ ಕೇಳೋ ಆಸೆ ಇತ್ತು, ಬಸ್ ಬಂದುಬಿಡ್ತು.