ಗಟ್ಟಿ ನೆಲದಿಂದ ಒಂದು ಕಾಗದ

ಆರ್.ಟಿ. ನಗರ, ಬೆಂಗಳೂರು

ಪ್ರೀತಿಯ ಪುಟ್ಟಿ,

ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ. ಬೂದುಬಣ್ಣದ ಕಲ್ಲುಹಿಟ್ಟು ಹಾರಿಬಂದು ತುಳಸಿಕಟ್ಟೆಯ ಮೇಲೆಲ್ಲ ಕೂತಿದೆ, ನಿಮ್ಮಮ್ಮ ಬೈದುಕೊಂಡೇ ಒರೆಸುತ್ತಿದ್ದಾಳೆ. ಅದು ಸುಮಾರು 300 ಕೋಟಿ ವರ್ಷದ ಕಲ್ಲು ಕಣೇ. ನೀನು ಲಂಗ ಹರಿದುಕೊಂಡು ಜಾರುತ್ತಿದ್ದ ಲಾಲ್‌ಬಾಗ್ ಬಂಡೆಯ ಜಾತಿಯದೇ.

"ಫ್ರೀಮಾಂಟಿನಲ್ಲಿ ರಾತ್ರಿ ಸಣ್ಣಗೆ ನಡುಗಿತಪ್ಪ, ಪಾತ್ರೆ ಸದ್ದಾಯಿತು ಅಷ್ಟೇ" ಅಂದೆಯಲ್ಲ, ಆ ‘ಅಷ್ಟೇ’ ನನಗೆ ನಿದ್ದೆ ಕೊಡಲಿಲ್ಲ. ರಿಟೈರ್ ಆದವನಿಗೆ ಬೇರೆ ಕೆಲಸವೇನು, ಓದುತ್ತ ಕೂತೆ.

ಬೆಂಗಳೂರಿನದು ಗಟ್ಟಿ ನೆಲ, ವಾಪಸ್ ಬಂದುಬಿಡಲಿ ಅಂತ ನಿಮ್ಮಮ್ಮನ ವಾದ. ಗಟ್ಟಿ ಏನೋ ನಿಜ, ಆದರೆ ನಿಂತಿಲ್ಲ. ಮೇಖ್ರಿ ಸರ್ಕಲ್ ಆಚೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಒಂದು ಜಿಪಿಎಸ್ ಕೇಂದ್ರವಿದೆ. ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ನಾವು ಈಶಾನ್ಯಕ್ಕೆ ಹೋಗುತ್ತಲೇ ಇದ್ದೇವೆ. ಹೆಬ್ಬಾಳದ ಕೆರೆ, ನಮ್ಮ ಬೀದಿ, ಈ ತುಳಸಿಕಟ್ಟೆ ಎಲ್ಲ ಒಟ್ಟಿಗೇ ಸಾಗುವುದರಿಂದ ಗೊತ್ತಾಗುವುದಿಲ್ಲ. ಪೆಟ್ಟು ಬೀಳುವುದು ಅಂಚಿನವರಿಗೆ. ನಮ್ಮನ್ನು ಹೊತ್ತ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆದು ಸುಮಾರು 5 ಕೋಟಿ ವರ್ಷವಾದರೂ ನೂಕುವುದನ್ನು ಬಿಟ್ಟಿಲ್ಲ. ಹಿಮಾಲಯ ಎದ್ದದ್ದು ಅದರಿಂದ, 2015ರಲ್ಲಿ ನೇಪಾಳ ನಡುಗಿದ್ದೂ ಅದರಿಂದಲೇ. ನಡುವಿನವರು ಪೂರ್ತಿ ಪಾರು ಅಂತಲೂ ಅಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ್ ಜಿಲ್ಲೆಗೆ ತಾಗಿದ ಲಾತೂರಿನ ಕಿಲ್ಲಾರಿಯಲ್ಲಿ, ಕಲ್ಲುಮಣ್ಣಿನ ಮನೆಗಳು ಮಲಗಿದ್ದವರ ಮೇಲೇ ಕುಸಿದವು.

ಕಾಲೇಜಿನವರ ಜೊತೆ ನೀನು ಮಲ್ಪೆಗೆ ಹೋದಾಗ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳ ಮೇಲೆ ನಿಂತು ತೆಗೆಸಿಕೊಂಡ ಫೋಟೊ ಇನ್ನೂ ಟಿವಿ ಪಕ್ಕದಲ್ಲಿದೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗಿ ಹೋಗುವಾಗ ಉಕ್ಕಿದ ಲಾವಾ ಅದು. ಇದನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಮಾತಾಡದೆ ಫೋಟೊದ ಧೂಳು ಒರೆಸಿದಳು.

ನಿಮ್ಮ ಕಡೆ ಡಿಕ್ಕಿಯಲ್ಲ, ಮಗ್ಗುಲುಜ್ಜಾಟ. ಪೆಸಿಫಿಕ್ ಫಲಕ ಉತ್ತರ ಅಮೆರಿಕದ ಫಲಕವನ್ನು ಉಜ್ಜಿಕೊಂಡು ವಾಯವ್ಯಕ್ಕೆ ಸರಿಯುತ್ತದೆ. ಆ ಸರಿದಾಟದ ಒಂದು ಪಾಲು ಹೊರುವ ಹೇವರ್ಡ್ ಬಿರುಕು ಹಾದಿರುವುದು ನಿಮ್ಮೂರಿನ ಒಳಗೇ. ಮೇಲ್ಗಡೆ ವರ್ಷಕ್ಕೆ ಕೆಲವು ಮಿಲಿಮೀಟರ್ ತೆವಳುತ್ತ ಫುಟ್‌ಪಾತಿನ ಅಂಚುಗಲ್ಲನ್ನು ಸೊಟ್ಟ ಮಾಡುತ್ತದಂತೆ. ಆಳದಲ್ಲಿ ಮಾತ್ರ ಕಚ್ಚಿಕೊಂಡಿರುತ್ತದೆ, ಒತ್ತಡ ತಾಳಲಾರದಾದಾಗ ಒಮ್ಮೆಲೇ ಜಾರುತ್ತದೆ. ಹಾಗೆ ದೊಡ್ಡದಾಗಿ ಜಾರಿದ್ದು 1868ರ ಅಕ್ಟೋಬರ್ 21ರಂದು. ಸಣ್ಣಪುಟ್ಟ ನಡುಕ ಬಂದಷ್ಟೂ ಒಳ್ಳೆಯದು, ಒತ್ತಡ ಇಳಿಯುತ್ತದೆ ಅಂತ ಅಳಿಯಂದಿರು ಧೈರ್ಯ ಹೇಳಿದರಂತೆ. ಅವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಅದನ್ನು ನಂಬಿಕೊಂಡು ಕೂರಬೇಡ. ಅಂಥ ಸಾವಿರ ನಡುಕ ಸೇರಿದರೂ ಒಂದು ದೊಡ್ಡದರ ಲೆಕ್ಕ ತೀರುವುದಿಲ್ಲ.

ನಡುಗಿದರೆ ಹೊರಗೆ ಓಡಬೇಡ. ಮೇಜಿನಡಿ ನುಸುಳಿ, ತಲೆ ಮುಚ್ಚಿಕೊಂಡು, ಮೇಜಿನ ಕಾಲು ಬಿಗಿಯಾಗಿ ಹಿಡಿದುಕೋ. ಗಾಜು ಒಡೆದಿರಬಹುದು, ಮಂಚದ ಕೆಳಗೊಂದು ಜೊತೆ ಚಪ್ಪಲಿ ಇರಲಿ. ವಿಡಿಯೊ ಕಾಲಿನಲ್ಲಿ ನೋಡಿದೆ, ಪಾಪುವಿನ ತೊಟ್ಟಿಲ ಪಕ್ಕದಲ್ಲೇ ಪುಸ್ತಕದ ಬೀರು, ಅದರ ತಲೆಯ ಮೇಲೆ ಅಮ್ಮ ಕೊಟ್ಟ ಗ್ರೈಂಡರು. ಗ್ರೈಂಡರನ್ನು ಇವತ್ತೇ ಇಳಿಸು. ಬೀರುವನ್ನು ಗೋಡೆಗೆ ಬಿಗಿಸಿ ಫೋಟೊ ಕಳಿಸು, ಅಮ್ಮನಿಗಲ್ಲ, ನನಗೆ.

ಇಂತಿ ನಿನ್ನ
ಅಪ್ಪ