ಹದ ಕಾಯುವುದಿಲ್ಲ

ನಮ್ಮ ಭೂಸನೂರ ಆಳಂದ ತಾಲೂಕಿನ ಎರೆ ಭೂಮಿಯ ಊರು. ಹೊರಗಿನವರಿಗೆ ಈಗ ಸಕ್ಕರೆ ಕಾರ್ಖಾನೆಯಿಂದ ಗೊತ್ತು. ನಮಗೆ ತೊಗರಿ ಮತ್ತು ಜೋಳದಿಂದ. ಎರೆ ಹೊಲದ ಸ್ವಭಾವ ವಿಚಿತ್ರ. ಮಳೆ ಬಿದ್ದ ಮೇಲೆ ಕಾಲಿಟ್ಟರೆ ಮೊಳಕಾಲಿನ ತನಕ ಕೆಸರು. ಬಿಸಿಲು ಹೆಚ್ಚಾದರೆ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಈ ಎರಡರ ನಡುವೆ ಕೆಲವೇ ದಿನ ಮಣ್ಣು ಮೆತ್ತಗೆ ಪುಡಿಪುಡಿಯಾಗಿರುತ್ತದೆ. ಅದಕ್ಕೆ ಹದ ಎನ್ನುತ್ತೇವೆ. ಎಡೆ ಹೊಡೆಯುವುದು, ಕಸ ತೆಗೆಯುವುದು ಎಲ್ಲ ಆಗಲೇ ಆಗಬೇಕು. ತೊಗರಿ ಎಳೆಯದಿದ್ದಾಗ ಬಹಳ ನಿಧಾನ ಬೆಳೆಯುತ್ತದೆ, ಕಸ ಓಡಿಕೊಂಡು ಬೆಳೆಯುತ್ತದೆ. ಒಂದು ಹದ ತಪ್ಪಿದರೆ ಸಾಲು ಯಾವುದು, ಕರಿಕೆ ಯಾವುದು ಎಂದು ಹುಡುಕಬೇಕಾಗುತ್ತದೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ಆ ಮಾನ್ಯತೆ ಬಂದು ಯಾರ ಹೊಲದ ಕಸವನ್ನೂ ಕೀಳಲಿಲ್ಲ.

ಇದನ್ನೆಲ್ಲ ಹೇಳಲು ಕಾರಣ ನನ್ನ ಅಣ್ಣನ ಮೊಮ್ಮಗ. ಪದವಿ ಮುಗಿಸಿ ಎರಡು ವರ್ಷವಾಗಿತ್ತು. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತೇನೆ ಎಂದು ಮನೆಯಲ್ಲಿದ್ದ. ಹೋದ ವರ್ಷ ಶ್ರಾವಣದಲ್ಲಿ ನಾನು ಕಲಬುರಗಿಯಿಂದ ಊರಿಗೆ ಹೋದಾಗ ಬೆಳಗಿನ ಒಂಬತ್ತಾದರೂ ಹಾಸಿಗೆಯಲ್ಲಿದ್ದ. ಅವನ ತಾಯಿ ಐದಕ್ಕೇ ಎದ್ದು ರೊಟ್ಟಿ ಬಡಿದು, ಕಟ್ಟಿಕೊಂಡು, ಕಸ ತೆಗೆಯಲು ಹೋಗಿದ್ದಳು. ಹುಡುಗ ಕೆಟ್ಟವನಲ್ಲ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ಪ್ರಾರ್ಥನೆಗೆ ಕೂತರೆ ಕಣ್ಣೀರು ಬರುವ ಹಾಗೆ ಪ್ರಾರ್ಥಿಸುತ್ತಾನೆ.

"ಓದು ಎಲ್ಲಿಗೆ ಬಂತೋ ತಮ್ಮಾ?" ಎಂದೆ.

"ದೇವರ ಸಮಯ ಬರಬೇಕಲ್ಲ ಮುತ್ಯಾ. ಆತ ಕೊಟ್ಟಾಗ ಕೊಡ್ತಾನ."

ನನಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಬರೀ ಸೋಮಾರಿಯಾದವನಿಗೆ ತಾನು ಸೋಮಾರಿ ಎಂದು ಗೊತ್ತಿರುತ್ತದೆ, ಒಂದಲ್ಲ ಒಂದು ದಿನ ನಾಚಿ ಎದ್ದಾನು. ಸೋಮಾರಿತನ ವಿಶ್ವಾಸದ ಅಂಗಿ ತೊಟ್ಟುಕೊಂಡರೆ ಅದನ್ನು ಎಬ್ಬಿಸುವವರು ಯಾರು?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಲಗಿದವರೆಲ್ಲ ಮೈಗಳ್ಳರಲ್ಲ. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಮನಸ್ಸೇ ಕುಗ್ಗಿರಬಹುದು. ಅಂಥವರಿಗೆ ವೈದ್ಯರು ಬೇಕು, ಉಪದೇಶ ಅಲ್ಲ. ನಮ್ಮ ಹುಡುಗನನ್ನೂ ಮೊದಲು ತೋರಿಸಿಯೇ ಬಂದೆವು. ಗಟ್ಟಿಯಾಗಿದ್ದ.

ದೇವರ ಹೆಸರಿನಲ್ಲಿ ಕೈಕಟ್ಟಿ ಕೂರುವುದು ಹೊಸ ರೋಗವಲ್ಲ. ಥೆಸಲೋನಿಕದ ಸಭೆಯಲ್ಲಿ ಕರ್ತನ ದಿನ ಬಂದೇಬಿಟ್ಟಿತು ಎಂಬ ಗದ್ದಲ ಎದ್ದಿತ್ತು. ಅದೇ ಸಭೆಯಲ್ಲಿ ಕೆಲವರು ಕೆಲಸ ಬಿಟ್ಟು ಕಂಡವರ ಮನೆಯ ಉಸಾಬರಿ ಮಾಡುತ್ತ ತಿರುಗುತ್ತಿದ್ದರು. ಅಂಥವರ ಊಟದ ವಿಷಯದಲ್ಲಿ ಪೌಲ ಬಹಳ ಖಾರವಾಗಿ ಬರೆದಿದ್ದಾನೆ. ಬರೆಯುವ ಹಕ್ಕು ಅವನಿಗಿತ್ತು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದುಕೊಂಡು ಡೇರೆ ಹೊಲಿಯುತ್ತಲೇ ಸುವಾರ್ತೆ ಸಾರಿದವನು ಆತ. ನಮ್ಮ ನೆಲದಲ್ಲೂ ಈ ಕಥೆ ಇದೆ. ಆಳಂದದಿಂದ ಈಶಾನ್ಯಕ್ಕೆ ಹೋದರೆ ಸಿಗುವ ಬಸವಕಲ್ಯಾಣದಲ್ಲಿ, ಶರಣರ ಅನುಭಾವದ ಮಾತು ಕೇಳುತ್ತ ಮೈಮರೆತ ಆಯ್ದಕ್ಕಿ ಮಾರಯ್ಯನನ್ನು ಕಾಯಕದ ಹೊತ್ತಾಯಿತೆಂದು ಎಬ್ಬಿಸಿದವಳು ಹೆಂಡತಿ ಲಕ್ಕಮ್ಮ.

ಹುಡುಗನೂ ಸುಮ್ಮನಿರುವವನಲ್ಲ, ಬೈಬಲ್ ಓದಿದವನು. "ರಕ್ಷಣೆ ಅಂದ್ರ ಕೃಪೆ ಅಲ್ಲೇನ್ ಮುತ್ಯಾ? ನಮ್ಮ ಕೆಲಸದಿಂದ ಸಿಗೋದಲ್ಲಲ್ಲ?" ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬ್ಯಾಂಕಿನ ಕೌಂಟರಿನಲ್ಲಿ. 1990ರಲ್ಲಿ ಕೇಂದ್ರ ಸರ್ಕಾರ ರೈತರ ಹತ್ತು ಸಾವಿರ ರೂಪಾಯಿವರೆಗಿನ ಸಾಲ ಮನ್ನಾ ಮಾಡಿತು. 2008ರಲ್ಲಿ ಮತ್ತೊಮ್ಮೆ ದೊಡ್ಡ ಮನ್ನಾ ಬಂತು. ಎರಡು ಸಲವೂ ಪಟ್ಟಿ ಬರೆಯುವ ಕೆಲಸದಲ್ಲಿ ನಾನಿದ್ದೆ. ತನ್ನ ಹೆಸರಿನ ಮುಂದೆ ಬಾಕಿ ಸೊನ್ನೆ ಎಂದು ಕೇಳಿದ ರೈತನ ಮುಖ ನೋಡಬೇಕಿತ್ತು. ಆ ಸೊನ್ನೆಯನ್ನು ಅವನು ದುಡಿದು ಗಳಿಸಿರಲಿಲ್ಲ, ಅದು ಕೊಟ್ಟದ್ದು. ಆದರೆ ಸಾಲ ಮನ್ನಾ ಆಯಿತೆಂದು ಹೊಲ ಬೀಳು ಬಿಟ್ಟವನನ್ನು ನಾನು ಕಾಣಲಿಲ್ಲ. ತಲೆಯ ಮೇಲಿನ ಭಾರ ಇಳಿದದ್ದಕ್ಕೇ ಮುಂದಿನ ಮಳೆಗೆ ಕೂರಿಗೆ ತೆಗೆದು ಸರಿಮಾಡಿಕೊಂಡವರೇ ಹೆಚ್ಚು. ಕೃಪೆ ಎಂದರೆ ನಾನು ಹೀಗೆ ತಿಳಿದುಕೊಂಡಿದ್ದೇನೆ. ಪಂಡಿತರು ಒಪ್ಪುತ್ತಾರೋ ಇಲ್ಲವೋ, ಹುಡುಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದ.

"ಮನಸ್ಸೇ ಬರಲ್ಲ ಮುತ್ಯಾ. ಪುಸ್ತಕ ತೆರೆದ ಹತ್ತು ನಿಮಿಷಕ್ಕ ಫೋನ್ ನೋಡಬೇಕನಸ್ತದ" ಎಂದ ಕೊನೆಗೆ. ಇದು ಖರೆ ಮಾತು.

ನಾಲ್ಕನೇ ಶತಮಾನದಲ್ಲಿ ಈಜಿಪ್ತಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಇದೇ ಕಾಟವನ್ನು ಬಣ್ಣಿಸಿದ್ದಾನೆ. ಅದನ್ನು ನಡುಹಗಲಿನ ದೆವ್ವ ಎಂದು ಕರೆದ. ಅದು ಹೊಕ್ಕರೆ ಸೂರ್ಯ ನಿಂತಲ್ಲೇ ನಿಂತ ಹಾಗೆ, ದಿನಕ್ಕೆ ಐವತ್ತು ತಾಸು ಇದ್ದ ಹಾಗೆ ಕಾಣುತ್ತದಂತೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿ ನೋಡುತ್ತಾನೆ, ಹೊರಗೆ ಬಂದು ಯಾರಾದರೂ ಮಾತಿಗೆ ಸಿಕ್ಕಾರೇನೋ ಎಂದು ಇಣುಕುತ್ತಾನೆ. ಕಿಟಕಿ ಈಗ ನಮ್ಮ ಅಂಗೈಗೆ ಬಂದಿದೆ, ಅಷ್ಟೇ ವ್ಯತ್ಯಾಸ.

ಮದ್ದು ಏನು? ಮನಸ್ಸು ಬರಲಿ ಎಂದು ಕಾಯದೆ ದಿನದ ಪಾಲನ್ನು ಗೊತ್ತುಮಾಡಿಕೊಳ್ಳುವುದು. ಕಲಬುರಗಿ, ಬೀದರ ಕಡೆ ಮೆಥೋಡಿಸ್ಟ್ ಸಭೆಯವರು ಬಹಳ ಮಂದಿ ಇದ್ದೇವೆ. ಆ ಸಭೆಗೆ ಮೂಲಪುರುಷ ಇಂಗ್ಲೆಂಡಿನ ಜಾನ್ ವೆಸ್ಲಿ. ಆತನಿಗೆ ತರುಣನಿದ್ದಾಗ ದಿನಾ ನಡುರಾತ್ರಿಗೆ ಎಚ್ಚರವಾಗಿ ನಿದ್ದೆ ಬರುತ್ತಿರಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲಿರುವುದೇ ಕಾರಣವಿರಬೇಕೆಂದು ಅಲಾರಾಂ ತಂದ. ಮೊದಲ ದಿನ ಏಳಕ್ಕೆ ಎದ್ದ, ರಾತ್ರಿ ಮತ್ತೆ ಎಚ್ಚರ. ಮರುದಿನ ಆರಕ್ಕೆ, ಆಮೇಲೆ ಐದಕ್ಕೆ ಎದ್ದ. ನಾಲ್ಕನೇ ದಿನ ನಾಲ್ಕಕ್ಕೆ ಎದ್ದಾಗ ಆ ರಾತ್ರಿ ಪೂರ್ತಿ ನಿದ್ದೆ ಬಂತು. ಮುಂದೆ ಸುಮಾರು ಅರವತ್ತು ವರ್ಷ ನಾಲ್ಕಕ್ಕೇ ಎದ್ದದ್ದಾಗಿ ತಾನೇ ಪ್ರಸಂಗವೊಂದರಲ್ಲಿ ಹೇಳಿಕೊಂಡಿದ್ದಾನೆ. ಎಲ್ಲರೂ ನಾಲ್ಕಕ್ಕೆ ಏಳಬೇಕೆಂದು ನಾನು ಹೇಳುವುದಿಲ್ಲ. ಓದುವ ಮಕ್ಕಳಿಗೆ ನಿದ್ದೆ ಬೇಕು. ಆತ ಪ್ರಯೋಗ ಮಾಡಿ ತನ್ನ ಅಳತೆ ಕಂಡುಕೊಂಡದ್ದು ನನಗೆ ಹಿಡಿಸಿತು.

ನಮ್ಮ ಭಾಷೆಗೇ ಉಪಕಾರವಾದ ಇನ್ನೊಬ್ಬ ದೇವಸೇವಕ ಫರ್ಡಿನೆಂಡ್ ಕಿಟೆಲ್. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಭಾರತಕ್ಕೆ ಬಂದರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದ. ನಡುವೆ 1877ರಲ್ಲಿ ಜರ್ಮನಿಗೆ ಹೋದವರು, ಈ ಕೆಲಸ ಮುಗಿಸಲೆಂದೇ 1883ರಲ್ಲಿ ಮತ್ತೆ ಬಂದರು. ಗುಮಾಸ್ತನ ಬುದ್ಧಿ ಬಿಡುವುದಿಲ್ಲ, ಲೆಕ್ಕ ಹಾಕಿದೆ. ಇಪ್ಪತ್ತು ವರ್ಷ, ವರ್ಷಕ್ಕೆ 300 ದಿನ ಎಂದು ಹಿಡಿದರೆ ದಿನಕ್ಕೆ ಹನ್ನೆರಡು ಶಬ್ದವೂ ಪೂರ್ತಿ ಬೀಳುವುದಿಲ್ಲ. ಹನ್ನೆರಡು ಶಬ್ದ ಎಂದರೆ ಯಾರಿಗೂ ಗಾಬರಿಯಿಲ್ಲ. ಗಾಬರಿಯಾಗುವುದು ಎಪ್ಪತ್ತು ಸಾವಿರ ಕಂಡಾಗ.

ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲೂ ಹೀಗೇ ಇತ್ತು. ಆ ದಿನದ ಲೆಕ್ಕ ಆ ದಿನವೇ ಕೂಡಬೇಕು, ಇಲ್ಲದಿದ್ದರೆ ಮನೆಗಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ, 54 ಇರುವಲ್ಲಿ 45 ಬರೆದಿದ್ದಾರೆ ಎಂದು ಗುಮಾನಿ. (ಮಕ್ಕಳೇ, ಬೇಕಾದರೆ ಮಾಡಿ ನೋಡಿ.) ಒಂದು ದಿನದ್ದನ್ನು ಅಂದೇ ಹುಡುಕಿದರೆ ಅರ್ಧ ತಾಸು. ಆರು ತಿಂಗಳದ್ದನ್ನು ಒಟ್ಟಿಗೆ ಹುಡುಕಲು ಕೂತರೆ ದೇವರೇ ಗತಿ.

ಊರಿಂದ ಹೊರಡುವ ಮುಂಚೆ ಹುಡುಗನಿಗೆ ಒಂದು ಉದ್ದ ನೋಟುಬುಕ್ ಕೊಡಿಸಿದೆ. ಎಡಕ್ಕೆ ಇಂದು ಮಾಡಬೇಕಾದ್ದು, ಬಲಕ್ಕೆ ಮಾಡಿದ್ದು, ರಾತ್ರಿ ಪ್ರಾರ್ಥನೆಗೆ ಮುಂಚೆ ಸಹಿ. ಪಾಲು ಅವನೇ ಗೊತ್ತುಮಾಡಿದ: ಐದೂವರೆಗೆ ಏಳುವುದು, ಫೋನ್ ಮುಟ್ಟುವ ಮುಂಚೆ ಎರಡು ತಾಸು ಓದು, ಹದ ಬಂದ ದಿನ ತಾಯಿಯ ಜೊತೆ ಹೊಲ.

ಡಿಸೆಂಬರ್ ಕೊನೆಗೆ ತೊಗರಿ ರಾಶಿಗೆಂದು ಹೋದೆ. ಅವನ ಪರೀಕ್ಷೆಯ ಫಲಿತಾಂಶ ಬಂದಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. "ಹ್ವಾದ ಸಲಕ್ಕಿಂತ ಅಂಕ ಹೆಚ್ಚ ಬಂದಾವ್ರಿ ಮಾವಾ" ಎಂದು ಅವನ ತಾಯಿಯೇ ನನಗೆ ಸಮಾಧಾನ ಹೇಳಿದಳು. ಹುಡುಗ ರಾಶಿಯ ದೂಳು ಮೈಯಲ್ಲೇ ಬಂದು ನೋಟುಬುಕ್ ಮುಂದಿಟ್ಟ. ಒಂದೊಂದೇ ಪುಟ ತಿರುವಿದೆ. ಆಗಸ್ಟಿನಲ್ಲಿ ಬಲಬದಿ ಬಹಳ ಖಾಲಿ, ಅಕ್ಟೋಬರಿಗೆ ತುಂಬಿತ್ತು. ನವೆಂಬರಿನ ಒಂದು ದಿನದ ಮುಂದೆ "ಮಲಗಿದೆ" ಎಂದಷ್ಟೇ ಬರೆದು ಸಹಿ ಹಾಕಿದ್ದ. ನಾನು ಪೆನ್ನು ತೆಗೆದು ಅದಕ್ಕೂ ಟಿಕ್ ಹಾಕಿದೆ.

"ಮಲಗಿದ್ದಕ್ಕೂ ಟಿಕ್ಕೇನ್ ಮುತ್ಯಾ?"

"ಬರೆದದ್ದು ಖರೆ ಅದಲ್ಲೋ ತಮ್ಮಾ" ಎಂದೆ.