ಕಕಾಶಿಗೆ ಬದನೆಕಾಯಿ ಇಷ್ಟವಂತೆ

ಹತಾಕೆ ಕಕಾಶಿಗೆ ಬದನೆಕಾಯಿ ಹಾಕಿದ ಮಿಸೊ ಸಾರು ಅಂದರೆ ಪ್ರಾಣ. ಉಪ್ಪು ಸವರಿ ಸುಟ್ಟ ಸಾನ್ಮಾ ಮೀನೂ ಆಗುತ್ತದೆ. ಕರಿದದ್ದನ್ನು ಮಾತ್ರ ಮುಟ್ಟುವುದಿಲ್ಲ. ಹುಟ್ಟಿದ್ದು ಸೆಪ್ಟೆಂಬರ್ 15, ರಕ್ತದ ಗುಂಪು ಒ. ಇಷ್ಟು ವಿವರವಾಗಿ ಹೇಳಿದ ಮೇಲೆ ಇವರು ನಿಮಗೆ ಹೇಗೆ ನೆಂಟರು ಎಂದು ಕೇಳುವವರು ಇದ್ದೇ ಇರುತ್ತಾರೆ. ನೆಂಟರಲ್ಲ. ಮುಖದ ಮುಕ್ಕಾಲು ಪಾಲು ಮುಚ್ಚಿಕೊಂಡು ಓಡಾಡುವ, ಕಾಗದದ ಮೇಲಷ್ಟೇ ಬದುಕಿರುವ ಒಬ್ಬ ನಿಂಜಾ ಮೇಷ್ಟ್ರು. ಕಿಶಿಮೊತೊ ಮಸಾಶಿ 1999ರಿಂದ 2014ರವರೆಗೆ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಬರೆದ ‘ನರುತೊ’ ಎಂಬ ಮಂಗಾದ, ಅಂದರೆ ಜಪಾನಿ ಚಿತ್ರಕಥೆಯ, ಪಾತ್ರ.

ಈ ಸಂಗತಿಗಳು ಕಥೆಯಲ್ಲಿ ಸಿಕ್ಕವಲ್ಲ. ಕಥೆಯ 72 ಸಂಪುಟಗಳ ಪಕ್ಕದಲ್ಲಿ ಬೇರೆಯದೇ ಒಂದು ಜಾತಿಯ ಪುಸ್ತಕಗಳಿವೆ. ಜಪಾನಿನಲ್ಲಿ ಅವನ್ನು ಡೇಟಾ ಬುಕ್ ಅನ್ನುತ್ತಾರೆ. ನರುತೊವಿಗೆ ಇಂಥವು ನಾಲ್ಕು: 2002ರಲ್ಲಿ ‘ರಿನ್ ನೊ ಶೊ’, 2005ರಲ್ಲಿ ‘ತೋ ನೊ ಶೊ’, 2008ರಲ್ಲಿ ‘ಶಾ ನೊ ಶೊ’, ಕಥೆ ಮುಗಿದ 2014ರ ನವೆಂಬರಿನಲ್ಲೇ ‘ಜಿನ್ ನೊ ಶೊ’. ನಮ್ಮ ಮನೆಗೆ ಇವು ಬಂದದ್ದು ಮಗಳಿಂದ. ಅವಳು ಕೆಲಸ ಸಿಕ್ಕಿ ಒಸಾಕಾಗೆ ಹೊರಟಾಗ ಬಟ್ಟೆಬರೆ ತುಂಬಿಕೊಂಡಳು, ಇವನ್ನು ಬಿಟ್ಟು ಹೋದಳು. ಟೋಕಿಯೋದ ನಿಶಿ ಕಸಾಯ್‌ನಲ್ಲಿ ನಮ್ಮಂಥ ಭಾರತದವರ ಸಂಸಾರಗಳು ಬೇಕಾದಷ್ಟಿವೆ, ಸಾರಿನ ಪುಡಿಗೂ ಬರವಿಲ್ಲ. ಆದರೆ ಮಕ್ಕಳು ಖಾಲಿ ಮಾಡಿದ ಕೋಣೆಗೆ ಅದರಿಂದ ಏನೂ ಆಗುವುದಿಲ್ಲ. ಅಲ್ಲಿ ಕೂತು ನಾನು ನಿಂಜಾಗಳ ರಕ್ತದ ಗುಂಪು ಓದತೊಡಗಿದೆ. ಹುಡುಗರ ಪುಸ್ತಕವಾದ್ದರಿಂದ ಪ್ರತಿ ಕಾಂಜಿ ಅಕ್ಷರದ ಪಕ್ಕ ಸಣ್ಣದಾಗಿ ಉಚ್ಚಾರಣೆ ಅಚ್ಚಾಗಿರುತ್ತದೆ. ನನ್ನ ಒಂದನೇ ಕ್ಲಾಸಿನ ಜಪಾನಿಗೆ ಅಷ್ಟು ಸಾಕು.

“ರೀ, ಬೆಳಿಗ್ಗೆ ನೋಡಿದ ನಿಮ್ಮ ಷುಗರ್ ಎಷ್ಟು ಅಂತ ನೆನಪಿಲ್ಲ, ಆ ಮುಸುಕಿನವನ ರಕ್ತದ ಗುಂಪು ಬಾಯಿಪಾಠ,” ಅಂದಳು ಹೆಂಡತಿ. ರಕ್ತದ ಗುಂಪಿನಿಂದ ಸ್ವಭಾವ ತಿಳಿಯುತ್ತದೆ ಎಂಬ ನಂಬಿಕೆ ಇಲ್ಲಿ ಹಳೆಯದು. ಫುರುಕಾವಾ ತಾಕೆಜಿ ಎಂಬವರು 1927ರಲ್ಲೇ ಹಾಗೆ ಪ್ರಬಂಧ ಬರೆದಿದ್ದರು. ವಿಜ್ಞಾನ ಒಪ್ಪಿಲ್ಲ. ಡೇಟಾ ಬುಕ್‌ಗಳು ವಿಜ್ಞಾನಕ್ಕೆ ಕಾಯುವುದಿಲ್ಲ.

ಪ್ರತಿ ನಿಂಜಾಗೂ ಎಂಟು ವಿಷಯಗಳಲ್ಲಿ ಅಂಕ: ನಿಂಜಾ ವಿದ್ಯೆ, ಕೈಕಾಲಿನ ಕಾಳಗ, ಮಾಯೆ, ಬುದ್ಧಿ, ಬಲ, ವೇಗ, ದಮ್ಮು, ಕೈಮುದ್ರೆ. ಒಂದೊಂದಕ್ಕೆ 5, ಒಟ್ಟು 40. ಅರ್ಧ ಅಂಕವೂ ಉಂಟು. ಉಚಿಹಾ ಇತಾಚಿಗೆ 35.5, ಜಿರಾಯಾಗೆ 35. ಆ ಅರ್ಧ ಅಂಕದ ಮೇಲೆ ಜಗತ್ತಿನ ಎಷ್ಟು ಹುಡುಗರು ಸ್ನೇಹ ಕಡಿದುಕೊಂಡಿದ್ದಾರೋ ದೇವರೇ ಬಲ್ಲ. ನನಗೆ ಕಂಡದ್ದು ಬೇರೆ. ಇತಾಚಿ ಐದು ವಿಷಯಗಳಲ್ಲಿ ಐದಕ್ಕೈದು ಪಡೆದವನು, ದಮ್ಮಿನಲ್ಲಿ ಮಾತ್ರ ಎರಡೂವರೆ. ಅವನಿಗೆ ಒಳಗೊಳಗೇ ಕಾಯಿಲೆ. ಕಥೆ ಅದನ್ನು ಕೆಮ್ಮಿಸಿ, ರಕ್ತ ಕಾರಿಸಿ ಹೇಳುತ್ತದೆ. ಡೇಟಾ ಬುಕ್ಕು ಅಂಕ ಕಡಿಮೆ ಕೊಟ್ಟು ಸುಮ್ಮನಾಗುತ್ತದೆ.

ಇದೇ ಕಥೆಯ ಇನ್ನೊಬ್ಬ ನಿಂಜಾ ಸಾಸುಕೆಗೆ ಟೊಮೆಟೊ ಇಷ್ಟ, ನಾತ್ತೊ ಆಗದು. ಕೊಳೆಯಿಸಿದ ಆ ಸೋಯಾಕಾಳಿನ ನೂಲೂ ವಾಸನೆಯೂ ನನ್ನ ಗಂಟಲಲ್ಲೂ ಎಂದೂ ಇಳಿದಿಲ್ಲ. ಆಫೀಸಿನಲ್ಲಿ ಬಲವಂತ ಮಾಡುವವರಿಗೆ ಇನ್ನು ಮೇಲೆ ಸಾಸುಕೆಯ ಹೆಸರು ಹೇಳಬಹುದು. ಕಥಾನಾಯಕ ನರುತೊನ ಹವ್ಯಾಸದ ಜಾಗಕ್ಕೆ ಬಂದಾಗ ಮಾತ್ರ ನಗು ನಿಂತಿತು. ಗಿಡಗಳಿಗೆ ನೀರು ಹಾಕುವುದು ಅಂತ ಇತ್ತು. ಅಪ್ಪ ಅಮ್ಮ ಇಲ್ಲದ, ಊರೆಲ್ಲ ದೂರ ಇಟ್ಟ, ರಾಮೆನ್ ತಿಂದುಕೊಂಡು ಒಂಟಿ ಕೋಣೆಯಲ್ಲಿ ಬೆಳೆದ ಹುಡುಗ. ಹೊರಗೆ ಬಂದರೆ ಬಾಯಿ ಬಡಾಯಿ, ಹಿರಿಯರ ಶಿಲಾಮುಖಗಳಿಗೆ ಬಣ್ಣ ಬಳಿಯುವ ಪುಂಡಾಟ. ಮನೆಯಲ್ಲಿ ಕುಂಡದ ಗಿಡಕ್ಕೆ ನೀರು. ಕಿಶಿಮೊತೊ ಇದನ್ನು ದೊಡ್ಡ ದೃಶ್ಯ ಮಾಡಿ ನಮ್ಮನ್ನು ಅಳಿಸಬಹುದಿತ್ತು. ಮಾಡಲಿಲ್ಲ. ಎತ್ತರ ಮತ್ತು ತೂಕ ಬರೆದಷ್ಟೇ ತಣ್ಣಗೆ ಇದನ್ನೂ ಬರೆಸಿದರು. ಇಂಥ ಒಂದು ಸಾಲಿಗಾಗಿ ಆ ಅಂಕಪಟ್ಟಿಗಳನ್ನೆಲ್ಲ ಕ್ಷಮಿಸಬಹುದು.

‘ಒನ್ ಪೀಸ್’ ಬರೆಯುವ ಓದಾ ಎಯ್ಚಿರೊ ಅವರ ದಾರಿ ಇನ್ನೂ ಸಲೀಸು. ಸಂಪುಟಗಳ ನಡುವೆ ಎಸ್‌ಬಿಎಸ್ ಎಂಬ ಪ್ರಶ್ನೋತ್ತರ ಅಂಕಣವಿದೆ. ಓದುಗರು ಏನು ಬೇಕಾದರೂ ಕೇಳುತ್ತಾರೆ, ಅವರು ಏನು ಬೇಕಾದರೂ ಹೇಳುತ್ತಾರೆ. ಕಡಲ್ಗಳ್ಳರ ಹುಟ್ಟುಹಬ್ಬಗಳು ನಿಶ್ಚಯವಾಗುವುದು ಅಲ್ಲಿ. ನಾಯಕ ಲೂಫಿಗೆ ಮಕ್ಕಳ ದಿನವಾದ ಮೇ 5. ಸುಳ್ಳುಬುರುಕ ಉಸೊಪ್ಪನಿಗೆ ಏಪ್ರಿಲ್ 1. ಎಷ್ಟೋ ಸಲ ಓದುಗರೇ ತಾರೀಕು ಸೂಚಿಸುತ್ತಾರೆ, ಓದಾ ಸರಿ ಅನ್ನುತ್ತಾರೆ, ಒಂದು ಜೀವಕ್ಕೆ ಹುಟ್ಟಿದ ದಿನ ಸಿಗುತ್ತದೆ.

ನಮ್ಮಪ್ಪನಿಗೆ ಹುಟ್ಟಿದ ದಿನ ಸಿಕ್ಕಿದ್ದೂ ಹೀಗೆಯೇ. ಶಾಲೆಗೆ ಸೇರಿಸಿಕೊಂಡ ಹೆಡ್ಮೇಷ್ಟ್ರು ಮುಖ ನೋಡಿ, ವಯಸ್ಸು ಸಾಲುವಂತೆ ಲೆಕ್ಕ ಹಾಕಿ, ಜೂನ್ 1 ಅಂತ ಬರೆದರು. ಚಿಕ್ಕಪ್ಪನದೂ ಜೂನ್ 1. ಸೋದರತ್ತೆಯದೂ ಜೂನ್ 1. ಓದಾ ಅವರಷ್ಟು ಕಲ್ಪನೆ ಆ ಮೇಷ್ಟ್ರಿಗಿರಲಿಲ್ಲ. ಅಜ್ಜಿಗೆ ಅದೂ ಇಲ್ಲ. ಕೆರೆ ಒಡೆದ ವರ್ಷ ಹುಟ್ಟಿದ್ದು ಅನ್ನುತ್ತಿದ್ದಳು, ಯಾವ ಕೆರೆ ಅಂತ ನಾವು ಕೇಳಲಿಲ್ಲ. ಅವಳಿಗೆ ಇಷ್ಟದ ಅಡುಗೆ ಯಾವುದೆಂದೂ ಯಾರಿಗೂ ತಿಳಿಯದು. ಎಲ್ಲರದೂ ಆದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಅವಳ ಎಲೆಗೆ ಬೀಳುತ್ತಿತ್ತು. ಸಾನ್ಮಾ ಮೀನಿನ ವಿಷಯಕ್ಕೆ ನಾನು ಎಷ್ಟು ಖಚಿತವಾಗಿ ಮಾತಾಡುತ್ತೇನೆಂದು ನೀವೇ ಮೇಲೆ ನೋಡಿದಿರಿ.

ಕರ್ತೃವೇ ಮರೆತದ್ದನ್ನು ಈ ಪುಸ್ತಕಗಳು ನೆನಪಿಟ್ಟುಕೊಳ್ಳುತ್ತವೆ. ‘ಡ್ರ್ಯಾಗನ್ ಬಾಲ್’ ಬರೆದ ತೊರಿಯಾಮಾ ಅಕಿರಾ ಮರೆವಿಗೆ ಹೆಸರಾದವರು. ಸೀನಿದರೆ ಸಾಧ್ವಿಯಿಂದ ರೌಡಿಯಾಗಿ, ಮತ್ತೆ ಸೀನಿದರೆ ರೌಡಿಯಿಂದ ಸಾಧ್ವಿಯಾಗಿ ಬದಲಾಗುವ ಲಂಚ್ ಎಂಬ ಹೆಣ್ಣುಮಗಳನ್ನು ತಾವೇ ಸೃಷ್ಟಿಸಿ, ನಡುದಾರಿಯಲ್ಲಿ ಮರೆತೆನೆಂದು ತಾವೇ ಒಪ್ಪಿಕೊಂಡವರು. 2024ರ ಮಾರ್ಚ್ 1ರಂದು ಅವರು ತೀರಿಕೊಂಡರು. 1995 ಮತ್ತು 96ರಲ್ಲಿ ಬಂದ ‘ದಾಯ್ಜೆನ್‌ಶೂ’ ಸಂಪುಟಗಳಲ್ಲಿ ಏಳನೆಯದು ಡ್ರ್ಯಾಗನ್ ಬಾಲ್ ಲೋಕದ ವಿಶ್ವಕೋಶ. ಅದರಲ್ಲಿ ಹೆಸರು ಹುಡುಕಲು ನನಗೆ ಯಾರ ನೆರವೂ ಬೇಡ, ಏಕೆಂದರೆ ಜಪಾನಿ ಅಕ್ಷರಗಳ ಸಾಲು ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಜೊತೆ ಕಲಿತ ನಮ್ಮ ಕಡೆಯ ವರ್ಣಮಾಲೆಯ ಕ್ರಮ ಅದು. ‘ಕ’ ತೆಗೆದು ‘ತ’ಕ್ಕೆ ಹೋಗುವಾಗ ಬೆರಳಿಗೆ ದಾರಿ ಗೊತ್ತಿರುತ್ತದೆ.

ಇವೆಲ್ಲಕ್ಕಿಂತ ಜಾಣತನದ್ದು ‘ಡೆತ್ ನೋಟ್’ನದು. ಒಬ್ಬನ ಮುಖ ನೆನೆದು ಹೆಸರು ಬರೆದರೆ ಅವನು ಸಾಯುವ ನೋಟುಪುಸ್ತಕದ ಕಥೆ. ಕೊಲೆಗಾರನನ್ನು ಹುಡುಕುವ ಪತ್ತೇದಾರನನ್ನು ಎಲ್ಲರೂ ಎಲ್ ಅನ್ನುತ್ತಾರೆ. ನಿಜನಾಮವನ್ನು ಅವನು ಕಥೆಯುದ್ದಕ್ಕೂ ಬಿಟ್ಟುಕೊಡುವುದಿಲ್ಲ, ಆದರೂ ಉಳಿಯುವುದಿಲ್ಲ. ಹನ್ನೆರಡು ಸಂಪುಟಗಳಲ್ಲಿ ಕಥೆ ಮುಗಿಯಿತು. ಅದೇ ವರ್ಷ, 2006ರ ಅಕ್ಟೋಬರಿನಲ್ಲಿ, 13 ಎಂಬ ಸಂಖ್ಯೆ ಹೊತ್ತು ‘ಹೌ ಟು ರೀಡ್’ ಎಂಬ ಕೈಪಿಡಿ ಬಂತು, ಅದರ ಜೊತೆಯ ಕಾರ್ಡಿನಲ್ಲಿ ಎಲ್‌ನ ನಿಜವಾದ ಹೆಸರಿತ್ತು. ಇನ್ನು ಯಾರು ಬರೆದರೂ ಅವನಿಗೆ ಏನೂ ಆಗದು ಅನ್ನುವ ಹೊತ್ತಿಗೆ ಹೆಸರು ಹೊರಗೆ ಬಿತ್ತು. ನಾನಂತೂ ಇಲ್ಲಿ ಬರೆಯುವುದಿಲ್ಲ.

ಮುಗಿದ ಕಥೆಗೆ ರಟ್ಟು ಹಾಕಬಹುದು. 1997ರಲ್ಲಿ ಶುರುವಾದ ಒನ್ ಪೀಸ್ ನೂರು ಸಂಪುಟ ದಾಟಿಯೂ ಮುಗಿದಿಲ್ಲ. ‘ರೆಡ್’, ‘ಬ್ಲೂ’, ‘ಯೆಲ್ಲೊ’, ‘ಗ್ರೀನ್’ ಎಂದು ಬಣ್ಣಬಣ್ಣದ ಡೇಟಾ ಬುಕ್‌ಗಳಾದ ಮೇಲೆ 2018ರಲ್ಲಿ ‘ವೀವ್ರ್ ಕಾರ್ಡ್’ ಬಂತು: ಪಾತ್ರಕ್ಕೊಂದು ಬಿಡಿ ಹಾಳೆ, ಕೊಂಡಂತೆಲ್ಲ ಫೈಲಿಗೆ ಸೇರಿಸಿಕೊಳ್ಳಬೇಕು. ಕಥೆಯೊಳಗೆ ಆ ಹೆಸರಿನ ಕಾಗದ ತನ್ನ ಒಡೆಯನಿರುವ ದಿಕ್ಕಿಗೆ ತಾನೇ ತೆವಳುತ್ತದೆ. ನಮ್ಮ ಫೈಲು ಶೆಲ್ಫಿನಲ್ಲೇ ಇದೆ, ಒಸಾಕಾ ಕಡೆ ಒಂದಿಂಚೂ ತೆವಳಿಲ್ಲ. ಕಳಿಸಲಾ ಅಂತ ಫೋನಿನಲ್ಲಿ ಕೇಳಿದೆ. “ನನ್ನ ಮನೇಲಿ ಜಾಗ ಇಲ್ಲಪ್ಪ, ನೀನೇ ಓದು,” ಅಂದಳು.

ಓದಬೇಕೆನ್ನುವವರು ಹೊಸದಕ್ಕೆ ದುಡ್ಡು ಸುರಿಯಬೇಡಿ. ಈ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷಿಗೂ ಬಂದಿಲ್ಲ, ಜಪಾನಿನ ಹಳೇ ಪುಸ್ತಕದಂಗಡಿಗಳಲ್ಲಿ ಮಾತ್ರ ಅಗ್ಗಕ್ಕೆ ಸಿಗುತ್ತವೆ. ಡೆತ್ ನೋಟ್‌ನದು ಕೊಳ್ಳುವಾಗ ಒಳಗೆ ಕಾರ್ಡು ಇದೆಯೇ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ.